ಹಳೆಯ ಕೋವಿಯ ಜೀರ್ಣೋದ್ಧಾರ



ಜೀರ್ಣೋದ್ಧಾರವೆಂಬ ಮಾತನ್ನು ಕೇಳಿದೊಡನೆ ನಮ್ಮ ನಾಡಿನಲ್ಲಿ ಯಾರಿಗಾದರೂ ನೆನಪಿಗೆ ಬರುವುದು ದೇವಾಲಯ. ಗೋಡೆಗೆ ಸುಣ್ಣ, ಬಾಗಿಲಿಗೆ ಬಣ್ಣ, ನೆಲಕ್ಕೆ ನುಣುಪಾದ ಹೊಸ ಚಪ್ಪಡಿ. ಕೆಲಸ ಮುಗಿದ ದಿನ ಕುಂಭಾಭಿಷೇಕ, ಸಂತರ್ಪಣೆ. ಊರಿಗೆ ಊರೇ ಸಂಭ್ರಮದಲ್ಲಿರುವಾಗ ಎಲ್ಲಿಂದಲೋ ಬಂದ ಚರಿತ್ರೆಯ ಮೇಷ್ಟರೊಬ್ಬರು ಮಾತ್ರ ಪ್ರಾಕಾರದ ಗೋಡೆಯನ್ನು ಉಗುರಿನಿಂದ ಕೆರೆಯುತ್ತ, "ಇಲ್ಲಿ ಒಂದು ಶಾಸನವಿತ್ತಲ್ಲ?" ಎಂದು ಕೇಳುತ್ತಿರುತ್ತಾರೆ. ಶಾಸನದ ಕಲ್ಲು ಸುಣ್ಣದ ಕೆಳಗೆ ಸೇರಿರುತ್ತದೆ, ಇಲ್ಲವೆ ಮಗುಚಿಕೊಂಡು ಹಾಸುಗಲ್ಲಾಗಿರುತ್ತದೆ. ನಾನೂ ಅಂತಹ ಮೇಷ್ಟರಲ್ಲೊಬ್ಬನಾದ್ದರಿಂದ ಈ ಸಂಕಟ ನನಗೆ ಹೊಸದಲ್ಲ. ಆದರೆ ಇದೇ ಸಂಕಟವು ಒಂದು ಹಳೆಯ ಕೋವಿಯ ವಿಷಯದಲ್ಲಿಯೂ ನನಗೆ ಒದಗೀತೆಂದು ನಾನು ಎಣಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕೈಲ್ ಮುಹೂರ್ತದ ಹಬ್ಬಕ್ಕೆಂದು ಕೊಡಗಿನ ಸ್ನೇಹಿತರೊಬ್ಬರು ನನ್ನನ್ನು ತಮ್ಮ ಮನೆಗೆ ಕರೆದರು. ಇದು ಸೆಪ್ಟೆಂಬರ್ ಮೊದಲ ವಾರದಲ್ಲಿ, ಗದ್ದೆಯ ನಾಟಿ ಮುಗಿದ ಮೇಲೆ ಬರುವ ಆಯುಧಪೂಜೆ. ಅಂದು ಮನೆಯ ಕೋವಿಗಳನ್ನು ಒರಸಿ, ದೀಪದ ಮುಂದಿಟ್ಟು, ತೋಕ್ ಪೂ ಎಂಬ ಕೆಂಪು ಹಳದಿಯ ಹೂವಿನಿಂದ ಸಿಂಗರಿಸುತ್ತಾರೆ. ತೋಕ್ ಎಂದರೆ ಕೊಡವ ಮಾತಿನಲ್ಲಿ ಕೋವಿ. ಒಂದು ಹೂವಿಗೆ ಕೋವಿಯ ಹೆಸರನ್ನಿಟ್ಟ ಜನ ಬೇರೆಲ್ಲಿಯಾದರೂ ಉಂಟೋ, ನಾನರಿಯೆ. ಪೂಜೆಯಾದ ಮೇಲೆ ಮರದ ತುದಿಗೆ ತೆಂಗಿನಕಾಯಿಯನ್ನು ಕಟ್ಟಿ ಗುರಿಯಿಡುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಮರಣವಾದರೆ ಎರಡು ಗುಂಡು ಹಾರಿಸುವ ಪದ್ಧತಿಯುಳ್ಳ ಜನರಿಗೆ ಕೋವಿಯೆಂಬುದು ಕೇವಲ ಆಯುಧವಲ್ಲ. ಅದು ಮನೆತನದ ಒಬ್ಬ ಹಿರಿಯ. 1857ರ ದಂಗೆಯ ತರುವಾಯ ದೇಶದ ಜನರಿಂದೆಲ್ಲ ಆಯುಧಗಳನ್ನು ಕಸಿದುಕೊಂಡ ಸರ್ಕಾರವು 1861ರಲ್ಲಿ, ಮಾರ್ಕ್ ಕಬ್ಬನ್ನರ ಆಡಳಿತದ ಕೊನೆಯಲ್ಲಿ, ಕೊಡಗರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ಸ್ವತಂತ್ರ ಭಾರತದ ಸರ್ಕಾರವೂ ಅದನ್ನು ಮುಂದುವರಿಸಿ, 2019ರಲ್ಲಿ ಮತ್ತೆ ಹತ್ತು ವರ್ಷಗಳ ಅವಧಿಗೆ ವಿಸ್ತರಿಸಿತು.

ಆ ಮನೆಯ ಯಜಮಾನರು, ನನ್ನ ಸ್ನೇಹಿತರ ದೊಡ್ಡಪ್ಪ, ಎಂಬತ್ತು ದಾಟಿದವರು, ಒಂದು ಕೇಪಿನ ಕೋವಿಯನ್ನು ತಂದು ನನ್ನ ತೊಡೆಯ ಮೇಲಿಟ್ಟು, "ಮೇಷ್ಟರೇ, ತಾವು ಚರಿತ್ರೆ ಹೇಳುವವರು. ಇದರ ವಯಸ್ಸೆಷ್ಟು, ಹೇಳಿ ನೋಡೋಣ" ಎಂದರು. ಕೋವಿಯು ಬೆಳ್ಳಿಯ ತಂಬಿಗೆಯಂತೆ ಥಳಥಳಿಸುತ್ತಿತ್ತು. ಪಂದ್ಯದಲ್ಲಿ ಅದನ್ನು ಉಪಯೋಗಿಸಬೇಕೆಂಬ ಆಸೆಯಿಂದ ಹಿಂದಿನ ವರ್ಷ ಅದನ್ನು ಪಟ್ಟಣದ ಒಂದು ಕಾರಖಾನೆಗೆ ಕೊಟ್ಟಿದ್ದರಂತೆ. ಕೆಲಸಗಾರನು ಶ್ರದ್ಧಾವಂತನೇ ಇರಬೇಕು. ಸಾಣೆಯ ಚಕ್ರಕ್ಕೆ ಹಿಡಿದು ತುಕ್ಕನ್ನೆಲ್ಲ ತೆಗೆದಿದ್ದ. ತುಕ್ಕಿನೊಡನೆ ಕುದುರೆಯ ಪಕ್ಕದ ತಗಡಿನ ಮೇಲಿದ್ದ ಮುದ್ರೆಯನ್ನೂ, ಅಕ್ಷರಗಳನ್ನೂ, ಇಸವಿಯನ್ನೂ ತೆಗೆದಿದ್ದ. ಅಷ್ಟಕ್ಕೆ ಬಿಡದೆ ನಳಿಗೆಯ ಒಳಗನ್ನೂ ಕೊರೆದು ನುಣ್ಣಗೆ ಮಾಡಿದ್ದ. "ನಮ್ಮ ಅಜ್ಜನ ಕಾಲದಲ್ಲಿ ಒಳಗೆ ಮೂರು ತೋಡುಗಳಿದ್ದವು. ನಾನು ಹುಡುಗನಾಗಿದ್ದಾಗ ದೀಪ ಹಿಡಿದು ನೋಡಿದ್ದೇನೆ" ಎಂದರು ಆ ಹಿರಿಯರು. ಈಗ ಅಲ್ಲಿ ತೋಡೂ ಇಲ್ಲ, ಗೀರೂ ಇಲ್ಲ. ಗುಂಡು ತನಗೆ ಇಷ್ಟಬಂದ ಕಡೆಗೆ ಹೋಗುತ್ತದೆ. ವಯಸ್ಸನ್ನು ಹೇಳಲು ನನ್ನಿಂದಾಗಲಿಲ್ಲ. ಗುರಿಯನ್ನು ಹೊಡೆಯಲು ಕೋವಿಯಿಂದಾಗಲಿಲ್ಲ. ಒಂದೇ ಕೈಕೆಲಸದಿಂದ ಅದರ ಇತಿಹಾಸವೂ ಹೋಗಿತ್ತು, ಉಪಯೋಗವೂ ಹೋಗಿತ್ತು.

ಅಂದಿನಿಂದ ಈ ವಿಷಯ ನನ್ನನ್ನು ಬಿಡಲಿಲ್ಲ. ಒಂದು ಸಾರಿಗೆ ಒಂದೇ ಗುಂಡನ್ನು ಹಾರಿಸತಕ್ಕ ಹಳೆಯ ರೈಫಲ್ಲನ್ನು ದುರಸ್ತು ಮಾಡಿ ಮತ್ತೆ ಪಂದ್ಯದ ಮೈದಾನಕ್ಕೆ ತರುವ ಹವ್ಯಾಸ ಇಂಗ್ಲೆಂಡು ಅಮೆರಿಕಾಗಳಲ್ಲಿ ಬಹಳ ಬೆಳೆದಿದೆ. ಅವರು ಅದನ್ನು ಹೇಗೆ ಮಾಡುತ್ತಾರೆ, ಎಲ್ಲಿ ಕೈತಡೆಯುತ್ತಾರೆ ಎಂಬುದನ್ನು ಓದಿ ತಿಳಿದುಕೊಂಡೆ. ನಾನು ಸ್ವತಃ ಕೋವಿಗಾರನಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಸೀಮೆಸುಣ್ಣವೇ ನನ್ನ ಆಯುಧ.

ಮೊದಲು ರೈಫಲ್ಲೆಂದರೇನೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಬುಗುರಿಯು ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ. ತಿರುಗುವುದನ್ನು ಬಿಟ್ಟರೆ ಹೊರಳುತ್ತದೆ. ನಳಿಗೆಯೊಳಗೆ ಸುರುಳಿಯಾಗಿ ತೋಡುಗಳನ್ನು ಕೊರೆದರೆ ಅವುಗಳನ್ನು ಕಚ್ಚಿಕೊಂಡು ಬರುವ ಗುಂಡು ಬುಗುರಿಯಂತೆ ತಿರುಗುತ್ತ ಹೊರಡುತ್ತದೆ, ದಾರಿ ತಪ್ಪದೆ ಹೋಗುತ್ತದೆ. ರೈಫಲ್ಲಿನ ಜೀವವೆಲ್ಲ ಈ ತೋಡುಗಳಲ್ಲಿದೆ. ಮದ್ದನ್ನೂ ಗುಂಡನ್ನೂ ಬಾಯಿಯ ಕಡೆಯಿಂದ ಜಡಿಯುವ ಕೋವಿಗಳು ಮೊದಲು ಬಂದವು. ಹಿಂಬದಿಯನ್ನು ತೆರೆದು ತೋಟಾ ಇಡುವ ಕೋವಿಗಳು ತರುವಾಯ ಬಂದವು. ಹತ್ತು ತೋಟಾಗಳನ್ನು ಒಟ್ಟಿಗೆ ತುಂಬಿಕೊಳ್ಳುವ ಕೋವಿಗಳು ಇನ್ನೂ ಆಮೇಲಿನವು. ನಡುವೆ, ಸುಮಾರು 1860ರಿಂದ 1890ರವರೆಗೆ, ಒಂದು ತೋಟಾ ಒಂದು ಗುಂಡು ಎಂಬ ರೈಫಲ್ಲುಗಳ ಕಾಲ.

ಗುರಿಯ ಪಂದ್ಯಗಳು ದೊಡ್ಡ ಪ್ರಮಾಣದಲ್ಲಿ ಹುಟ್ಟಿದ್ದೂ ಇದೇ ಕಾಲದಲ್ಲಿ. 1860ನೆಯ ಜುಲೈ 2ನೆಯ ತಾರೀಖು ಲಂಡನ್ನಿನ ಬಳಿಯ ವಿಂಬಲ್ಡನ್ ಬಯಲಿನಲ್ಲಿ ವಿಕ್ಟೋರಿಯಾ ರಾಣಿಯವರು ಮೊದಲನೆಯ ಗುಂಡನ್ನು ಹಾರಿಸಿ ಇಂತಹ ಕೂಟವನ್ನು ಪ್ರಾರಂಭಿಸಿದರು. ರಾಣಿಯವರು ರೈಫಲ್ಲನ್ನು ಹೆಗಲಿಗೇರಿಸಿದರೆಂದು ಯಾರೂ ಭಾವಿಸಬಾರದು. ವಿಟ್‌ವರ್ತ್ ರೈಫಲ್ಲೊಂದನ್ನು ಕಬ್ಬಿಣದ ಯಂತ್ರಕ್ಕೆ ಬಿಗಿದು, 400 ಗಜ ದೂರದ ಹಲಗೆಗೆ ಗುರಿಯನ್ನು ಮೊದಲೇ ಸರಿಪಡಿಸಿಟ್ಟಿದ್ದರು. ಅವರು ರೇಷ್ಮೆಯ ದಾರವನ್ನೆಳೆದರು, ಅಷ್ಟೆ. ಗುಂಡು ನಡುಬಿಂದುವಿನಿಂದ ಒಂದೂಕಾಲು ಅಂಗುಲದಲ್ಲಿ ನಾಟಿತು. ಆ ಯಂತ್ರದ ಗುರಿಗೆ ರಾಜಮರ್ಯಾದೆ ಸಿಕ್ಕಿತು.

ಇದಕ್ಕಿಂತ ಸ್ವಾರಸ್ಯವಾದ ಪಂದ್ಯ 1874ನೆಯ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಬಳಿ ಕ್ರೀಡ್‌ಮೂರ್ ಎಂಬಲ್ಲಿ ನಡೆಯಿತು. ಐರ್ಲೆಂಡಿನ ಆರು ಮಂದಿ ಬಾಯಿಯಿಂದ ಮದ್ದು ತುಂಬುವ ರಿಗ್ಬಿ ರೈಫಲ್ಲುಗಳನ್ನು ಹಿಡಿದು ಬಂದರು. ಅಮೆರಿಕಾದ ಆರು ಮಂದಿಯ ಕೈಯಲ್ಲಿದ್ದವು ಹಿಂಬದಿಯಿಂದ ತೋಟಾ ತುಂಬುವ ರೆಮಿಂಗ್ಟನ್ ಮತ್ತು ಶಾರ್ಪ್ಸ್ ರೈಫಲ್ಲುಗಳು. 800, 900, 1000 ಗಜಗಳ ದೂರದಿಂದ ಪ್ರತಿಯೊಬ್ಬನೂ ಹದಿನೈದು ಹದಿನೈದು ಗುಂಡುಗಳನ್ನು ಹಾರಿಸಬೇಕು. ನಡುವಿನ ಕಪ್ಪಿಗೆ ತಗುಲಿದರೆ ನಾಲ್ಕು ಅಂಕ. ಐರಿಷರಲ್ಲಿ ಮಿಲ್ನರ್ ಎಂಬಾತನು 900 ಗಜದಿಂದ ಸೊಗಸಾಗಿ ನಡುಗಪ್ಪನ್ನೇ ಹೊಡೆದ, ಆದರೆ ಪಕ್ಕದ ಹಲಗೆಯದು! ಅಂಕ ಸೊನ್ನೆ. ಕೊನೆಯಲ್ಲಿ ಐರಿಷರದು 931, ಅಮೆರಿಕನರದು 930. ಕರ್ನಲ್ ಬೋಡೈನ್ ಎಂಬ ಅಮೆರಿಕನ್ನನ ಒಂದೇ ಗುಂಡು ಬಾಕಿ. ಅಷ್ಟರಲ್ಲಿ ಅವನ ಕೈಯಲ್ಲಿದ್ದ ಶುಂಠಿಪಾನಕದ ಸೀಸೆ ಸಿಡಿದು ಅಂಗೈ ಕೊಯ್ದಿತು. ಕೈಗೆ ವಸ್ತ್ರವನ್ನು ಸುತ್ತಿಕೊಂಡು ಅವನು ಮಲಗಿ ಗುರಿಯಿಟ್ಟ; ನಡುಗಪ್ಪಿಗೇ ಹೊಡೆದ. 934ಕ್ಕೆ 931. ಹಿಂಬದಿಯಿಂದ ತುಂಬುವ ರೈಫಲ್ಲೇ ಮೇಲೆಂಬುದು ಅಂದು ಸಿದ್ಧವಾಯಿತೆಂದು ಬರೆಯುವವರುಂಟು. ಮಿಲ್ನರನ ಗುಂಡು ಸರಿಯಾದ ಹಲಗೆಗೆ ಬಿದ್ದಿದ್ದರೆ ಅದೇ ಚರಿತ್ರೆಯು ತಲೆಕೆಳಗಾಗಿ ಬರೆಯಲ್ಪಡುತ್ತಿತ್ತು. ಇಂತಹ ಕಡೆಗಳಲ್ಲಿ ಚರಿತ್ರಕಾರರು ಸ್ವಲ್ಪ ನಿಧಾನಿಸುವುದು ಒಳ್ಳೆಯದು.

ಈ ಕಾಲದ ರೈಫಲ್ಲುಗಳಲ್ಲಿ ನಮ್ಮ ದೇಶದ ಇತಿಹಾಸಕ್ಕೆ ಹತ್ತಿರವಾದುದು ಮಾರ್ಟಿನಿ-ಹೆನ್ರಿ. ಅದರ ಹೆಸರಿನಲ್ಲಿಯೇ ಇಬ್ಬರು ಸೇರಿದ್ದಾರೆ. ಸ್ವಿಟ್ಸರ್ಲೆಂಡಿನಲ್ಲಿ ನೆಲೆಸಿದ್ದ ಫ್ರೀಡ್ರಿಕ್ ಫಾನ್ ಮಾರ್ಟಿನಿ ಹಿಂಬದಿಯ ಯಂತ್ರವನ್ನು ರೂಪಿಸಿದವನು. ಎಡಿನ್‌ಬರೋವಿನ ಅಲೆಕ್ಸಾಂಡರ್ ಹೆನ್ರಿ ನಳಿಗೆಯ ಏಳು ತೋಡುಗಳನ್ನು ಗೊತ್ತುಮಾಡಿದವನು. ಕೆಳಗಿನ ಸನ್ನೆಯನ್ನು ಇಳಿಸಿದರೆ ಒಳಗಿನ ಉಕ್ಕಿನ ದಿಮ್ಮಿಯ ಮುಂತುದಿ ಕೆಳಕ್ಕಿಳಿದು ಬಾಯಿ ತೆರೆಯುತ್ತದೆ, ಸುಟ್ಟ ತೋಟಾ ಹೊರಕ್ಕೆ ಹಾರುತ್ತದೆ. ಹೊಸ ತೋಟಾವನ್ನಿಟ್ಟು ಸನ್ನೆಯನ್ನು ಎತ್ತಿದರೆ ಬಾಯಿ ಮುಚ್ಚಿ ಕೋವಿಯು ಸಿದ್ಧವಾಗುತ್ತದೆ. ಹೊರಗೆ ಕುದುರೆಯಿಲ್ಲ, ಒಳಗೇ ಒಂದು ಸ್ಪ್ರಿಂಗು, ಒಂದು ಮೊಳೆ. ಕುದುರೆಯು ದೂರದಿಂದ ಬಂದು ಬಡಿಯಬೇಕಾಗಿಲ್ಲವಾದ್ದರಿಂದ ಟ್ರಿಗರನ್ನೆಳೆದ ಕ್ಷಣಕ್ಕೂ ಗುಂಡು ಹೊರಡುವ ಕ್ಷಣಕ್ಕೂ ನಡುವೆ ಕೈ ಅಲುಗುವಷ್ಟು ಅವಕಾಶವಿಲ್ಲ. ಗುರಿಕಾರರಿಗೆ ಇದು ಪ್ರಿಯವಾದುದರ ಗುಟ್ಟು ಇದೇ. ದಂಡಿನವರು ಅದನ್ನು ಬಿಟ್ಟ ಮೇಲೆಯೂ ಇದೇ ಯಂತ್ರವನ್ನು ಸಣ್ಣದು ಮಾಡಿ ಕಟ್ಟಿದ ಪಂದ್ಯದ ರೈಫಲ್ಲುಗಳು ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ಬಳಕೆಯಲ್ಲಿದ್ದವು.

1871ರಲ್ಲಿ ಬ್ರಿಟಿಷ್ ಸೈನ್ಯ ಇದನ್ನು ಅಂಗೀಕರಿಸಿತು. ಗುಂಡಿನ ತೂಕ 480 ಗ್ರೇನ್, ಎಂದರೆ ಸುಮಾರು 31 ಗ್ರಾಮ್. ಹನ್ನೆರಡು ಪಾಲು ಸೀಸಕ್ಕೆ ಒಂದು ಪಾಲು ತವರವನ್ನು ಬೆರಸಿ ಎರೆದದ್ದು. ಮೇಲೆ ಕಾಗದದ ಸುತ್ತು. ಮದ್ದು 85 ಗ್ರೇನ್. ತೋಟಾ ಮಾತ್ರ ಮೊದಲಿಗೆ ಹಿತ್ತಾಳೆಯ ತೆಳುರೇಕನ್ನು ಸುರುಳಿಸುತ್ತಿ ಮಾಡಿದ್ದು. ಬಿಸಿಲಿಗೂ ಮರಳಿಗೂ ಅದು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. 1885ರ ಜನವರಿಯಲ್ಲಿ ಸೂಡಾನಿನ ಅಬು ಕ್ಲೆಯಾ ಎಂಬಲ್ಲಿ ಯುದ್ಧದ ನಡುವೆ ಹಾಗೆ ಸಿಕ್ಕಿಕೊಂಡು ಸೈನಿಕರು ಪ್ರಾಣವನ್ನು ತೆತ್ತರು. ಬಳಿಕ ಗಟ್ಟಿ ಹಿತ್ತಾಳೆಯ ತೋಟಾ ಬಂದಿತು.

ಇನ್ನು ನಮ್ಮ ದೇಶದ ಮಾತು. 1857ರ ದಂಗೆಗೆ ನೆಪವಾದದ್ದು ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ಕಾಗದದ ತೋಟಾ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ದಂಗೆಯಡಗಿದ ಮೇಲೆ ಸರ್ಕಾರದವರು ಮಾಡಿದ್ದನ್ನು ಬಲ್ಲವರು ಕಡಮೆ. ಒಳ್ಳೆಯ ರೈಫಲ್ಲು ಸಿಪಾಯಿಯ ಕೈಯಲ್ಲಿರಬಾರದೆಂದು, ಎನ್‌ಫೀಲ್ಡ್ ನಳಿಗೆಗಳ ಒಳಗನ್ನು ಕೊರೆಯಿಸಿ, ಆ ಮೂರು ತೋಡುಗಳನ್ನು ಅಳಿಸಿ, ದೂರದ ಗುರಿಪಟ್ಟಿಯನ್ನು ಕಿತ್ತು, ನುಣುಪು ನಳಿಗೆಯ ಕೋವಿಗಳನ್ನಾಗಿ ಮಾಡಿ ಭಾರತೀಯ ಸೈನ್ಯಕ್ಕೆ ಹಂಚಿದರು. ಇದನ್ನು ಓದಿದಾಗ ನನಗೆ ಕೊಡಗಿನ ಆ ಕೋವಿಯ ನೆನಪಾಗಿ ಪುಸ್ತಕವನ್ನು ಮುಚ್ಚಿಟ್ಟೆ. ಸರ್ಕಾರವು ಭಯದಿಂದ ಮಾಡಿದ ಕೆಲಸವನ್ನೇ ಆ ಪಟ್ಟಣದ ಕೆಲಸಗಾರನು ಭಕ್ತಿಯಿಂದ ಮಾಡಿದ್ದ. ಯಜಮಾನರು ತೋಡುಗಳನ್ನು ಕಣ್ಣಾರೆ ನೋಡಿದ್ದೇನೆಂದು ಹೇಳದಿದ್ದರೆ, ಅದು 1858ರ ಕೊರೆತವೋ ಮೊನ್ನೆಯ ಕೊರೆತವೋ ಯಾವ ಪಂಡಿತನಿಗೂ ತಿಳಿಯುವಂತಿರಲಿಲ್ಲ.

ಬಿಳಿಯರ ಕೈಗೆ ಹೊಸದು ಬಂದಾಗ ಕರಿಯರ ಕೈಗೆ ಹಳೆಯದು. ಇದು ಅಲ್ಲಿಂದ ಮುಂದಕ್ಕೆ ನಿಯಮವಾಯಿತು. 1880ರ ಜುಲೈ 27ರಂದು ಅಫ್ಘಾನಿಸ್ಥಾನದ ಮೈವಂದಿನ ಕಾಳಗದಲ್ಲಿ ಒಂದೇ ಸಾಲಿನಲ್ಲಿ ನಿಂತು ಹೋರಾಡಿದವರಲ್ಲಿ ಬ್ರಿಟಿಷ್ ಪಟಾಲಮಿನವರಿಗೆ ಮಾರ್ಟಿನಿ, ಭಾರತೀಯ ಪಟಾಲಮುಗಳಿಗೆ ಅದಕ್ಕಿಂತ ಹಿಂದಿನ ಸ್ನೈಡರ್. ಬ್ರಿಟಿಷರಿಗೆ 1888ರಲ್ಲಿ ಲೀ-ಮೆಟ್‌ಫರ್ಡ್ ಗೊತ್ತಾದ ಮೇಲೆ, ಮಾರ್ಟಿನಿಯು ಭಾರತೀಯರ ಪಾಲಿಗೆ ಇಳಿದು ಬಂದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇನ್ನೊಂದು ವಿನೋದವಾಯಿತು. ಮಾರ್ಟಿನಿಯ ಅಳತೆಯಾದ .450 ಅಂಗುಲದ ಬೇಟೆಯ ರೈಫಲ್ಲುಗಳನ್ನು ಭಾರತಕ್ಕೆ ತರಬಾರದೆಂದು ಸರ್ಕಾರ ನಿಷೇಧಿಸಿತು. ಬೇಟೆಗಾರರ ಗುಂಡುಗಳು ಬಂಡಾಯಗಾರರ ಹಳೆಯ ಮಾರ್ಟಿನಿಗಳಿಗೆ ಒದಗೀತೆಂಬ ಭೀತಿ. ಇಂಗ್ಲೆಂಡಿನ ಕೋವಿ ತಯಾರಕರು ಗೊಣಗುತ್ತ .465, .470, .475 ಎಂಬ ಹೊಸ ಅಳತೆಗಳನ್ನು ಹುಟ್ಟಿಸಿ, ನಮ್ಮ ಮಹಾರಾಜರ ಬೇಟೆಗೆ ಒದಗಿಸಿದರು. ದಂಡಿನಿಂದ ನಿವೃತ್ತವಾದ ಒಂದು ಕೋವಿಗೆ ಇಷ್ಟು ಹೆದರಿದ್ದುಂಟು!

ನೇಪಾಳದ ಕಥೆ ಇನ್ನೂ ಬೇರೆ. ಆಯುಧಗಳು ನೇಪಾಳಕ್ಕೆ ಹೋಗದಂತೆ ಬ್ರಿಟಿಷರು ಬಹುಕಾಲ ತಡೆಹಿಡಿದಿದ್ದರಿಂದ ರಾಣಾ ಪ್ರಭುಗಳು ತಮ್ಮ ಕಾರಖಾನೆಗಳಲ್ಲಿಯೇ ಕೋವಿಗಳನ್ನು ಮಾಡಿಸಿಕೊಂಡರು. ಮಾರ್ಟಿನಿಯನ್ನು ಹೋಲುವ ಗಹೇಂದ್ರ ರೈಫಲ್ಲು ಜನರಲ್ ಗಹೇಂದ್ರ ಶಂಶೇರರ ಹೆಸರಿನದು. ಪ್ರತಿಯೊಂದನ್ನೂ ಕಮ್ಮಾರರು ಕೈಯಲ್ಲಿ ಅರವಿಟ್ಟು ಮಾಡಿದ್ದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂಡುವುದಿಲ್ಲ. ಮುಂದೆ ಬ್ರಿಟಿಷರೇ ತಮಗೆ ಬೇಡವಾದ ಮಾರ್ಟಿನಿಗಳನ್ನು ನೇಪಾಳಕ್ಕೆ ಕೊಟ್ಟರು. ಇವೆಲ್ಲವೂ ಕಾಠಮಂಡುವಿನ ಲಗನ್ ಸಿಲೇಖಾನೆ ಎಂಬ ಹಳೆಯ ಅರಮನೆಯ ಉಗ್ರಾಣದಲ್ಲಿ, ಜಿಡ್ಡಿನಲ್ಲಿ ಮುಳುಗಿ, ಧೂಳಿನಲ್ಲಿ ಹೂತು, ನೂರು ವರ್ಷ ಮಲಗಿದ್ದವು. 2003ರಲ್ಲಿ ಅಮೆರಿಕಾದ ವ್ಯಾಪಾರಿಗಳು ಆ ರಾಶಿಯನ್ನು ಒಟ್ಟಿಗೆ ಕೊಂಡು ಹಡಗಿಗೇರಿಸಿದರು. ಹೀಗೆ ಸಾವಿರಾರು ಮಾರ್ಟಿನಿಗಳು ಶಿಕ್ಷಕ, ಬಡಗಿ, ವಕೀಲ ಮೊದಲಾದ ಸಾಮಾನ್ಯ ಹವ್ಯಾಸಿಗಳ ಕೈಗೆ ಬಂದವು. ಜೀರ್ಣೋದ್ಧಾರದ ಪ್ರಶ್ನೆ ಆಗ ಅವರೆದುರಿಗೆ ನಿಂತಿತು.

ಅಂತಹ ಒಂದು ಕೋವಿಯನ್ನು ಗುರಿಯ ಮೈದಾನಕ್ಕೆ ಸಿದ್ಧಪಡಿಸುವ ಕ್ರಮವನ್ನು ಈಗ ನೋಡೋಣ. ಬಲ್ಲವನು ಮೊದಲು ಮಾಡುವ ಕೆಲಸ, ನಳಿಗೆಯೊಳಗೆ ಹಳೆಯ ಮದ್ದುಗುಂಡು ಉಳಿದಿದೆಯೇ ಎಂದು ಪರೀಕ್ಷಿಸುವುದು. ನೂರು ವರ್ಷದ ಮದ್ದೂ ಕೊಲ್ಲಬಲ್ಲದು. ಎರಡನೆಯದು, ಏನನ್ನೂ ಮುಟ್ಟುವುದಕ್ಕೆ ಮುಂಚೆ ಎಲ್ಲವನ್ನೂ ಓದಿ ಬರೆದುಕೊಳ್ಳುವುದು. ಯಂತ್ರಭಾಗದ ಬಲಮಗ್ಗುಲಲ್ಲಿ ಕಿರೀಟ, ವಿಕ್ಟೋರಿಯಾ ರಾಣಿಯ ಹೆಸರಿನ ಎರಡಕ್ಷರ, ಎನ್‌ಫೀಲ್ಡ್ ಎಂಬ ಕಾರಖಾನೆಯ ಊರು, ಇಸವಿ ಇರುತ್ತವೆ. ಇದು ಹುಟ್ಟಿದಾಗಿನ ಶಾಸನ. ನೇಪಾಳದಿಂದ ಬಂದವುಗಳ ಮೇಲೆ ದೇವನಾಗರಿಯಲ್ಲಿ ಒತ್ತಿದ ಅಕ್ಷರಗಳೂ ಅಂಕೆಗಳೂ ಬೇರೆ. ಅದು ಬಾಳಿದ ಶಾಸನ. ಒಂದೇ ಕಲ್ಲಿನ ಮೇಲೆ ಇಬ್ಬರು ಅರಸರ ಕಾಲದ ಬರಹವಿದ್ದಂತೆ.

ಆಮೇಲೆ ಬಿಚ್ಚುವುದು. ಈ ಜಾಗದಲ್ಲಿ ಕೆಡುವ ಕೋವಿಗಳೇ ಹೆಚ್ಚು. ತಿರುಪುಮೊಳೆಯ ತಲೆಯ ಸೀಳಿಗೆ ಸರಿಯಾಗಿ ಕೂಡುವ ತುದಿಯನ್ನು ಅರದಿಂದ ಉಜ್ಜಿ ಮಾಡಿಕೊಳ್ಳದೆ ಕೈಗೆ ಸಿಕ್ಕಿದ ಉಪಕರಣದಿಂದ ತಿರುಗಿಸಿದರೆ ತಲೆ ಹರಿದುಹೋಗುತ್ತದೆ. ಸೀಮೆಎಣ್ಣೆಯಲ್ಲಿ ದಿನಗಟ್ಟಲೆ ನೆನೆಸಿ, ತಾಳ್ಮೆಯಿಂದ ಕಾಯಬೇಕು. ಗಟ್ಟಿಯಾದ ಜಿಡ್ಡು ಕರಗಿದ ಮೇಲೆ ಅದರ ಕೆಳಗೆ ಹಲವು ವೇಳೆ ತುಕ್ಕಿಲ್ಲದ ಲೋಹ ಕಾಣಿಸುತ್ತದೆ. ಅಲ್ಲಲ್ಲಿರುವ ತುಕ್ಕನ್ನು ಎಣ್ಣೆ ಹಾಕಿ ಮೃದುವಾದ ನಾರಿನಿಂದ ತಿಕ್ಕುತ್ತಾರೆ; ಸಾಣೆಗೆ ಹಿಡಿಯುವುದಿಲ್ಲ. ಉಕ್ಕಿನ ಮೇಲೆ ಕಾಲಕ್ರಮದಲ್ಲಿ ಕೂತ ಕಂದುಬಣ್ಣ ಕೊಳೆಯಲ್ಲ. ಮರದ ಹಿಡಿಯಲ್ಲಿ ತಗ್ಗುಬಿದ್ದಿದ್ದರೆ ಒದ್ದೆ ಬಟ್ಟೆಯನ್ನಿಟ್ಟು ಮೇಲೆ ಕಾಸಿದ ಇಸ್ತ್ರಿಯನ್ನು ಒತ್ತಿದರೆ, ಹಬೆಗೆ ಮರದ ನಾರು ಉಬ್ಬಿ ತಗ್ಗು ತಾನಾಗಿ ಮೇಲೇಳುತ್ತದೆ. ಒಂದು ಚೂರು ಮರವನ್ನೂ ಹೆರೆಯಬೇಕಾಗಿಲ್ಲ. ಕೊನೆಗೆ ಅಗಸೆಯ ಎಣ್ಣೆಯನ್ನು ಅಂಗೈಯಿಂದ ತಿಕ್ಕಿ ತಿಕ್ಕಿ ಕುಡಿಸುತ್ತಾರೆ. ಇಲ್ಲಿಯ ತನಕ ಎಲ್ಲರೂ ಒಪ್ಪುವ ಮಾತು.

ಜಗಳ ಹುಟ್ಟುವುದು ನಳಿಗೆಯಲ್ಲಿ. ಹಳೆಯ ನಳಿಗೆಗಳು ಸವೆದಿರುತ್ತವೆ, ಅಲ್ಲಲ್ಲಿ ತುಕ್ಕು ತಿಂದು ಕುಳಿಯಾಗಿರುತ್ತವೆ. ಗೆಲ್ಲಬೇಕೆಂಬುವವನಿಗೆ ಸುಲಭವಾದ ದಾರಿಯೊಂದಿದೆ: ಹಳೆಯ ನಳಿಗೆಯ ಒಳಗನ್ನು ಅಗಲವಾಗಿ ಕೊರೆದು, ಹೊಸ ತೋಡುಗಳುಳ್ಳ ಉಕ್ಕಿನ ಕೊಳವೆಯೊಂದನ್ನು ಅದರೊಳಗೆ ಕೂಡಿಸಿಬಿಡುವುದು. ಹೊರಗಿನಿಂದ ನೋಡಿದರೆ ಅದೇ ಮಾರ್ಟಿನಿ. ಗುರಿ ನೋಡಿದರೆ ಹೊಸ ರೈಫಲ್ಲು. ಇದನ್ನು ಮೋಸವೆಂದು ನಾನು ಕರೆಯುವುದಿಲ್ಲ. ನಳಿಗೆ ಅಪಾಯಕರವಾಗಿದ್ದು, ಬೇರೆ ಉಪಾಯವಿಲ್ಲದಿದ್ದರೆ, ಕೋವಿಯು ಗೋಡೆಗೆ ತೂಗುಬೀಳುವುದಕ್ಕಿಂತ ಇದು ವಾಸಿಯೆಂಬ ವಾದದಲ್ಲಿ ಹುರುಳಿದೆ. ಆದರೆ ಅದು ಹಾರಿಸುವ ಗುಂಡು ಮಾರ್ಟಿನಿಯ ಗುಂಡಲ್ಲ. ಹೆನ್ರಿಯ ಏಳು ತೋಡುಗಳು ಏನು ಮಾಡಬಲ್ಲವಾಗಿದ್ದವೆಂಬುದು ಆ ಕೋವಿಯಿಂದ ಇನ್ನೆಂದಿಗೂ ತಿಳಿಯದು.

ಇನ್ನೊಂದು ದಾರಿ ನಿಧಾನವಾದದ್ದು. ಮೆತ್ತನೆಯ ಸೀಸದ ಉಂಡೆಯೊಂದನ್ನು ನಳಿಗೆಯಲ್ಲಿ ಮೆಲ್ಲಗೆ ತಳ್ಳಿ ಹೊರತೆಗೆದರೆ ಅದರ ಮೇಲೆ ಒಳಗಿನ ತೋಡುಗಳ ಅಚ್ಚು ಮೂಡಿರುತ್ತದೆ. ನಾವು ಶಾಸನದ ಮೇಲೆ ಒದ್ದೆ ಕಾಗದವನ್ನೊತ್ತಿ ಅಕ್ಷರದ ಅಚ್ಚನ್ನು ತೆಗೆಯುವುದಿಲ್ಲವೆ, ಹಾಗೆಯೇ. ತೋಟಾ ಕೂಡುವ ಹಿಂಬದಿಯ ಕುಳಿಗೂ ಬೇಗ ಕರಗುವ ಲೋಹವನ್ನೆರೆದು ಅಚ್ಚು ತೆಗೆಯುತ್ತಾರೆ. ಕೈಯಲ್ಲಿ ಅಳತೆ ಬಂದ ಮೇಲೆ, ನಳಿಗೆಯನ್ನು ಗುಂಡಿಗೆ ಹೊಂದಿಸುವುದಕ್ಕೆ ಬದಲಾಗಿ ಗುಂಡನ್ನು ನಳಿಗೆಗೆ ಹೊಂದಿಸುತ್ತಾರೆ. ಸವೆದು ಅಗಲವಾದ ನಳಿಗೆಗೆ ಸ್ವಲ್ಪ ದಪ್ಪನಾದ ಗುಂಡಿನ ಅಚ್ಚನ್ನು ಮಾಡಿಸಿ, ಸೀಸಕ್ಕೆ ತವರವನ್ನು ಹೆಚ್ಚುಕಡಮೆ ಮಾಡಿ ನೋಡಿ, ಮೇಲಿನ ಕಾಗದದ ಸುತ್ತನ್ನು ಒಂದೆಳೆ ದಪ್ಪವೋ ತೆಳುವೋ ಮಾಡಿ, ಆ ಒಂದು ಕೋವಿಗೆ ಏನು ಹಿತವೆಂಬುದನ್ನು ತಿಂಗಳುಗಟ್ಟಲೆ ಹುಡುಕುತ್ತಾರೆ. ಹಳೆಯ ತೋಟಾಗಳು ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವಂಥವಲ್ಲ. ಆದಕಾರಣ ಬೇಟೆಕೋವಿಯ ಇಪ್ಪತ್ತನಾಲ್ಕನೆಯ ನಂಬರಿನ ಹಿತ್ತಾಳೆಯ ತೋಟಾಗಳನ್ನು ತಂದು, ಕಾಸಿ ಮೆತ್ತಗೆ ಮಾಡಿ, ಅಚ್ಚಿನಲ್ಲಿ ಕುತ್ತಿಗೆಯನ್ನು ಹಿಸುಕಿ, ಮಾರ್ಟಿನಿಗೆ ಬೇಕಾದ ಸೀಸೆಯಾಕಾರಕ್ಕೆ ತರುತ್ತಾರೆ. ಮದ್ದು ಮಾತ್ರ ಹಳೆಯ ಕರಿಮದ್ದೇ ಆಗಬೇಕು: ಪೆಟ್ಲುಪ್ಪು, ಇದ್ದಿಲು, ಗಂಧಕ. ಹೊಗೆಯಿಲ್ಲದ ಈಗಿನ ಮದ್ದಿನ ಒತ್ತಡವನ್ನು ಆ ಕಾಲದ ಕಬ್ಬಿಣ ತಡೆಯಲೊಲ್ಲದು. ಈ ಒಂದು ನಿಯಮವನ್ನು ಮೀರಿ ಕಣ್ಣು ಕೈಗಳನ್ನು ಕಳೆದುಕೊಂಡವರುಂಟು. ಗಹೇಂದ್ರ ರೈಫಲ್ಲನ್ನಂತೂ ಬಲ್ಲವರು ಹಾರಿಸುವುದಕ್ಕೇ ಹಿಂಜರಿಯುತ್ತಾರೆ. ಯಾವ ಕಮ್ಮಾರನು ಯಾವ ಕಬ್ಬಿಣವನ್ನು ಬಡಿದನೋ ಬಲ್ಲವರಾರು?

ಪಂದ್ಯದ ಕೂಟಗಳೂ ಈ ಭೇದವನ್ನು ಗಮನಿಸಿವೆ. ಬಾಯಿಯಿಂದ ತುಂಬುವ ಕೋವಿಗಳ ಅಂತರರಾಷ್ಟ್ರೀಯ ಕೂಟದಲ್ಲಿ ಆ ಕಾಲದ ಮೂಲ ಕೋವಿಗಳಿಗೆ ಒಂದು ವರ್ಗ, ಈಚೆಗೆ ಮಾಡಿದ ಪ್ರತಿಕೃತಿಗಳಿಗೆ ಬೇರೊಂದು ವರ್ಗ. ವಿಂಬಲ್ಡನ್ನಿನ ಹಳೆಯ ಕೂಟವು 1890ರಲ್ಲಿ ಬಿಸ್ಲಿಗೆ ಸ್ಥಳಾಂತರಗೊಂಡಿತು. ಅಲ್ಲಿ ಹಳೆಯ ಆಯುಧಗಳಿಗೆಂದೇ ಟ್ರಫಾಲ್ಗರ್ ಹೆಸರಿನ ಕೂಟವೊಂದು ನಡೆಯುತ್ತ ಬಂದಿದೆ.

ಈ ಕೂಟಗಳ ವರ್ಣನೆಗಳಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು ಒಂದು ಸಣ್ಣ ಸಂಗತಿ. ಕರಿಮದ್ದು ಉರಿದ ಮೇಲೆ ನಳಿಗೆಯೊಳಗೆ ಮಸಿ ಕಟ್ಟುತ್ತದೆ. ಒಣಗಿದರೆ ಅದು ಗಟ್ಟಿಯಾಗಿ ಮುಂದಿನ ಗುಂಡಿನ ದಾರಿಯನ್ನು ಕೆಡಿಸುತ್ತದೆ. ಕ್ರೀಡ್‌ಮೂರಿನ ಕಾಲದಲ್ಲಿ ಒಂದೊಂದು ಗುಂಡಿಗೂ ನಳಿಗೆಯನ್ನು ಒರಸುತ್ತಿದ್ದವರುಂಟು. ಈಗಿನ ಗುರಿಕಾರರಲ್ಲಿ ಹಲವರು ಬೇರೊಂದು ಉಪಾಯವನ್ನು ಮಾಡುತ್ತಾರೆ. ಗುಂಡು ಹಾರಿಸಿ ಬಾಯಿ ತೆರೆದೊಡನ ಒಂದು ಚಿಕ್ಕ ಕೊಳವೆಯನ್ನು ಹಿಂಬದಿಗೆ ಸೇರಿಸಿ, ಅದಕ್ಕೆ ತುಟಿಯಿಟ್ಟು, ನಾಲ್ಕೈದು ಸಲ ಮೆಲ್ಲಗೆ ಉಸಿರನ್ನು ಊದುತ್ತಾರೆ. ಉಸಿರಿನ ತೇವಕ್ಕೆ ಮಸಿ ಮೆತ್ತಗಾಗುತ್ತದೆ. ನಳಿಗೆಯ ಆಚೆ ತುದಿಯಿಂದ ಹೊಗೆ ಸಣ್ಣಗೆ ಹೊರಡುತ್ತದೆ. ನಮ್ಮ ಕಡೆಯ ಹೆಂಗಸರು ಒಲೆಯ ಮುಂದೆ ಕುಳಿತು ಊದುಗೊಳವೆಯನ್ನು ಊದುತ್ತಿದ್ದ ಭಂಗಿಯೇ ಅದು. ಸಂಜೆ ಮನೆಗೆ ಬಂದ ಮೇಲೆ ಬಿಸಿನೀರಿನಿಂದ ತೊಳೆದು, ಒರಸಿ, ಎಣ್ಣೆ ಸವರದಿದ್ದರೆ, ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಒಂದು ದಿನದ ಉದಾಸೀನಕ್ಕೆ ನೂರಿಪ್ಪತ್ತು ವರ್ಷದ ನಳಿಗೆ ಬಲಿಯಾಗಬಹುದು.

ಇಷ್ಟನ್ನು ತಿಳಿದುಕೊಂಡು ಮರುವರ್ಷದ ಕೈಲ್ ಮುಹೂರ್ತಕ್ಕೆ ನಾನು ಮತ್ತೆ ಆ ಮನೆಗೆ ಹೋದೆ. ಯಜಮಾನರು ಕೇಳಿದ ಮೊದಲ ಮಾತು: "ಮೇಷ್ಟರೇ, ಹೊಸ ತೋಡುಗಳನ್ನು ಕೊರೆಸಿದರೆ ಹೇಗೆ?" ಪರವಾನಗಿಯುಳ್ಳ ಕೆಲಸಗಾರನೊಬ್ಬನನ್ನು ವಿಚಾರಿಸಿಯೂ ಇದ್ದರಂತೆ. ಕೊರೆದು ತೆಳ್ಳಗಾದ ನಳಿಗೆಯನ್ನು ಮತ್ತೆ ಕೊರೆದರೆ ಸಿಡಿಯಬಹುದೆಂದು ನಾನು ಓದಿದ್ದನ್ನು ಹೇಳಿದೆ. ಅವರು ಸುಮ್ಮನಾದರು. ಬಳಿಕ ನಾನು ಕಾಗದ ತೆಗೆದು, ಆ ತಗಡಿನ ಮೇಲೆ ಏನೇನಿತ್ತೆಂದು ಜ್ಞಾಪಿಸಿಕೊಳ್ಳಿರೆಂದು ಬೇಡಿದೆ. ಕಣ್ಣು ಮುಚ್ಚಿಕೊಂಡು, ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತ, ಒಂದು ಕಿರೀಟವೆಂದರು. ಅದರ ಕೆಳಗೆ ಎರಡಕ್ಷರವೆಂದರು. ಇಸವಿಯಲ್ಲಿ ಮೊದಲ ಮೂರು ಅಂಕೆಗಳು 185 ಎಂಬುದು ನಿಶ್ಚಯ, ನಾಲ್ಕನೆಯದು ಆರೋ ಎಂಟೋ ಗೊತ್ತಾಗುತ್ತಿಲ್ಲವೆಂದರು. ಅವರ ಅಕ್ಕ ಒಳಗಿನಿಂದಲೇ, "ಎಂಟು. ನಾನೇ ಒರಸುತ್ತಿದ್ದೆನಲ್ಲ!" ಎಂದು ಕೂಗಿದರು. ಇಬ್ಬರ ಹೇಳಿಕೆಯನ್ನೂ, ಒಳಗಿದ್ದ ಮೂರು ತೋಡುಗಳ ವಿಷಯವನ್ನೂ, ಅವು ಯಾವಾಗ ಹೇಗೆ ಹೋದವೆಂಬುದನ್ನೂ ಬರೆದು, ತಾರೀಖು ಹಾಕಿ, ಅವರ ರುಜು ತೆಗೆದುಕೊಂಡೆ. ಆ ಮಧ್ಯಾಹ್ನ ಯಜಮಾನರು ಅದೇ ಕೋವಿಯಿಂದ ತೆಂಗಿನಕಾಯಿಗೆ ಗುರಿಯಿಟ್ಟರು. ಗುಂಡು ಪಕ್ಕದ ಕೊಂಬೆಯ ಎಲೆಗಳನ್ನು ಉದುರಿಸಿತು. ಎಲ್ಲರೊಡನೆ ಅವರೂ ನಕ್ಕರು. ಕಾಗದವನ್ನು ನಾಲ್ಕಾಗಿ ಮಡಿಸಿ ಕೋವಿಯ ಪೆಟ್ಟಿಗೆಯಲ್ಲಿ, ಕೇಪಿನ ಡಬ್ಬಿಯ ಕೆಳಗೆ ಇಟ್ಟಿದ್ದಾರೆ.